ಮರಿಯನ್ನು ಒಲ್ಲದ ತಾಯಿ ಡಿಸ್ಕು

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಹೊಸ ಸರ್ವರಿನ ಪರದೆಯ ಮೇಲೆ ಕೆಂಪು ಅಕ್ಷರದ ಒಂದು ಸಾಲು ಮೂಡಿತು: ‘ಮರಿ ಹುಟ್ಟಿದ ಮೇಲೆ ತಾಯಿ ಡಿಸ್ಕ್ ಬದಲಾಗಿದೆ, ತೆರೆಯಲಾಗದು.’ ಅರ್ಧ ಗಂಟೆ ಕಳೆಯುವಷ್ಟರಲ್ಲಿ, ಆ ಸಾಲಿನ ಅರ್ಥವೇ ತಿಳಿಯದವರೂ ಸೇರಿ, ತಪ್ಪು ಯಾರದೆಂದು ಎಲ್ಲರೂ ತೀರ್ಮಾನ ಮಾಡಿ ಮುಗಿಸಿದ್ದರು.

ಆ ತಪ್ಪಿತಸ್ಥೆ ಬ್ಯಾಕಪ್ ಕೋಣೆಯ ಬಾಗಿಲು ತಳ್ಳಿಕೊಂಡು ಬಂದಳು. ಇಪ್ಪತ್ಮೂರರ ಹುಡುಗಿ. ಮುಖದಲ್ಲಿ ರಕ್ತವಿರಲಿಲ್ಲ.

“ಅಕ್ಕ, ಐದು ಗಂಟೆಗೆ ನನ್ನನ್ನ ಕೆಲಸದಿಂದ ತೆಗೀತಾರಂತೆ. ಸಾಹೇಬರು ಕೂತು ಪತ್ರ ಟೈಪ್ ಮಾಡ್ತಿದ್ದಾರೆ.”

“ಯಾವ ಐದು?” ಎಂದು ಕೋಣೆಯ ಒಡತಿ ತಲೆ ಎತ್ತದೆ ಕೇಳಿದರು. “ಕಂಟ್ರೋಲ್ ರೂಮಿನ ಐದೋ, ಲೋಕದ ಐದೋ?”

ಊರಿನ ನಾನೂರು ಲಿಫ್ಟುಗಳನ್ನು ನೋಡಿಕೊಳ್ಳುವ ಆ ಕಂಪನಿಯಲ್ಲಿ ಇದು ಹಳೇ ತಮಾಷೆ. ಕಂಟ್ರೋಲ್ ರೂಮಿನ ಗೋಡೆ ಗಡಿಯಾರ ಯಾವಾಗಲೂ ಇಪ್ಪತ್ತು ನಿಮಿಷ ಮುಂದೆ. ಮೆಕ್ಯಾನಿಕ್‌ಗಳು ಹೊತ್ತಿಗೆ ಸರಿಯಾಗಿ ಹೊರಡಲಿ ಎಂದು ಹಿಂದಿನ ಯಾರೋ ಸಾಹೇಬರು ಹಾಗೆ ತಿರುಗಿಸಿಟ್ಟಿದ್ದರು. ಅವರು ನಿವೃತ್ತರಾದರು, ಗಡಿಯಾರ ಆಗಲಿಲ್ಲ.

ಇಕ್ಕಳ ಎಂಬುದು ಬ್ಯಾಕಪ್ ಕೋಣೆಯ ಒಡತಿಗೆ ಕಚೇರಿ ಇಟ್ಟ ಹೆಸರು. ಐವತ್ತಾರು ವಯಸ್ಸು, ಕತ್ತರಿಸಿದ ಬಿಳಿ ಕೂದಲು. ಎಲ್ಲಿ ಏನು ಕೆಟ್ಟರೂ ಕಾರಣವನ್ನು ಮುಳ್ಳು ಕೀಳುವಂತೆ ಕಿತ್ತು ತೋರಿಸುವರು. ಕೀಳುವಾಗ ನೋವಾಯಿತೇ ಎಂದು ಯಾರನ್ನೂ ಕೇಳಿದವರಲ್ಲ. ಅವರ ಪಕ್ಕದ ಮೇಜಿನಲ್ಲಿ ಕೂತು ದಿನವಹಿ ಬರೆಯುವುದು ಸಹಾಯಕಿಯ ಕೆಲಸ. ಅವಳು ಮಾತು ಕಡಿಮೆ, ಬರಹ ಹೆಚ್ಚು ಎಂಬ ಜಾತಿಯವಳು. ಲಿಫ್ಟಿನಲ್ಲಿ ಇನ್ನೊಬ್ಬರಿದ್ದರೆ ಮೆಟ್ಟಿಲು ಹತ್ತಿ ಹೋಗುವಷ್ಟು ಸಂಕೋಚ.

ಹುಡುಗಿಗೆ ಒಂದು ಹೆಸರಿತ್ತು, ಆದರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಅವಳಪ್ಪ ಇಲ್ಲೇ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನು. ಐದು ತಿಂಗಳ ಹಿಂದೆ ಲಿಫ್ಟಿನ ತಳದ ಗುಂಡಿಯೊಳಗೆ ಕೆಲಸ ಮಾಡುತ್ತಿದ್ದಾಗ ಕರೆಂಟು ಬಂದು, ಮೇಲಿದ್ದ ಪೆಟ್ಟಿಗೆ ಮೈಮೇಲೆ ಇಳಿದು ಸತ್ತ. ‘ಹೊರಗೆ ಬಂದೆ ಎಂದು ತಿಳಿಸಿದ ನಂತರ ಮತ್ತೆ ಒಳಗೆ ಹೋಗಿದ್ದು ಮೃತನ ಸ್ವಂತ ಅಜಾಗರೂಕತೆ’ ಎಂದು ವಿಚಾರಣೆಯ ವರದಿ ಬರೆಯಿತು. ಕಂಪ್ಯೂಟರ್ ಓದಿದ್ದ ಮಗಳಿಗೆ ಅನುಕಂಪದ ಮೇಲೆ ಕೆಲಸ ಸಿಕ್ಕಿತು. ಅಂದಿನಿಂದ ಅವಳೇ ‘ಅನುಕಂಪ’ ಆದಳು. “ಅನುಕಂಪ, ಆ ಫೈಲ್ ಕೊಡು.” “ಅನುಕಂಪ ಇವತ್ತು ರಜೆನಾ?” ಮೊದಲು ಬೆನ್ನ ಹಿಂದೆ, ಆಮೇಲೆ ಮುಖದೆದುರೇ. ಈಗ ಹಾಗೆ ಕರೆದರೆ ಅವಳೂ ತಿರುಗಿ ನೋಡುತ್ತಿದ್ದಳು.

“ಕೂತ್ಕೊ,” ಎಂದರು ಇಕ್ಕಳ. “ಮೊದಲಿಂದ ಹೇಳು. ಇವಳು ಬರ್ಕೊಳ್ತಾಳೆ. ಅಳೋದಿದ್ರೆ ಆಮೇಲೆ ಅಳು.”

ಹುಡುಗಿ ಅಳದೆ ಹೇಳಿದಳು. ಕಂಟ್ರೋಲ್ ರೂಮನ್ನು ನಡೆಸುವುದು ಒಂದು ವರ್ಚುವಲ್ ಮಷಿನ್. ಅದಕ್ಕೆ ಸ್ವಂತ ಮೈಯಿಲ್ಲ. ಹೋಸ್ಟ್ ಎಂಬ ದೊಡ್ಡ ಸರ್ವರಿನೊಳಗೆ ಬಾಡಿಗೆಗೆ ಇದ್ದಂತೆ ಇರುತ್ತದೆ. ಯಾವ ಲಿಫ್ಟಿಗೆ ಕರೆಂಟು ಕೊಡಬೇಕು, ಯಾವುದಕ್ಕೆ ತಡೆ ಹಾಕಬೇಕು ಎಂಬ ಪಟ್ಟಿ, ಮೆಕ್ಯಾನಿಕ್‌ಗಳು ಮಾಡುವ ಪ್ರತಿಯೊಂದು ಕರೆಯ ಧ್ವನಿ ಮುದ್ರಣ, ಎಲ್ಲ ಅದರ ಡಿಸ್ಕಿನಲ್ಲಿ. ಹಳೇ ಹೋಸ್ಟ್ ಮುದಿಯಾಗಿತ್ತು. ಈ ಮಷಿನನ್ನು ಹೊಸ ಹೋಸ್ಟಿಗೆ ಸಾಗಿಸುವ ಕೆಲಸ ಅವಳಿಗೆ ಬಂದಿತ್ತು. ಮುನ್ನೆಚ್ಚರಿಕೆಗೆ ಹಿಂದಿನ ಸೋಮವಾರ ಸ್ನ್ಯಾಪ್‌ಶಾಟ್ ತೆಗೆದಳು. ಆ ಕ್ಷಣದಿಂದ ಹಳೇ ಡಿಸ್ಕು ಕಲ್ಲಾಗಿ ನಿಂತಿತು, ಅದು ತಾಯಿ. ಸೋಮವಾರದಿಂದಾಚೆ ಬರೆದದ್ದು, ಅಳಿಸಿದ್ದು ಎಲ್ಲ ಮರಿ ಡಿಸ್ಕಿನಲ್ಲಿ. ಎರಡೂ ಸೇರಿದರಷ್ಟೇ ಮಷಿನ್ ಎದ್ದು ನಿಲ್ಲುವುದು.

“ಇವತ್ತು ಹನ್ನೆರಡಕ್ಕೆ ಮಷಿನ್ ಆಫ್ ಮಾಡಿದೆ. ಹನ್ನೆರಡು ನಲವತ್ತಕ್ಕೆ ಇಲ್ಲಿಗೇ ಊಟಕ್ಕೆ ಬಂದೆ. ಒಂದು ಇಪ್ಪತ್ತಕ್ಕೆ ವಾಪಸ್ ಹೋಗಿ ಕಾಪಿ ಶುರು ಮಾಡಿದೆ. ಮುಗಿದ ಮೇಲೆ ಆನ್ ಮಾಡಿದ್ರೆ ಹೀಗೆ.”

ಊಟದ ಹೊತ್ತು ಸಹಾಯಕಿಗೆ ಚೆನ್ನಾಗಿ ನೆನಪಿತ್ತು. ಮೂವರೂ ಡಬ್ಬಿ ಬಿಚ್ಚಿ ಕೂತಿದ್ದಾಗ ಹುಡುಗಿ ತನ್ನ ಫೋನು ತೆಗೆದು ಒಂದು ಹಳೇ ಕರೆಯನ್ನು ತೋರಿಸಿದ್ದಳು. “ಅಪ್ಪನ ಹತ್ರ ಕೊನೇ ಸಲ ಮಾತಾಡಿದ್ದು ಇದು. ಮೂರು ಐವತ್ತು. ಅಪಘಾತ ಆಗಿದ್ದು ನಾಲ್ಕು ಹತ್ತಕ್ಕೆ. ಇಪ್ಪತ್ತು ನಿಮಿಷ ನನ್ನ ಧ್ವನಿ ಕೇಳಿದ ಖುಷೀಲೇ ಇದ್ರು ಅಂದ್ಕೋತೀನಿ. ಅಷ್ಟು ಸಾಕು ನನಗೆ.” ಸಹಾಯಕಿ ಉಪ್ಪಿನಕಾಯಿಯನ್ನು ಅವಳ ಮುಂದಕ್ಕೆ ಸರಿಸಿದ್ದಳು.

“ನೀನು ಹೋದ್ರೆ ಯಾರಿಗೆ ನಷ್ಟ?” ಎಂದು ಇಕ್ಕಳ ಈಗ ಕೇಳಿದರು.

“ನನ್ನ ವಿಷಯ ಬಿಡಿ. ಮರಿ ಸೇರದಿದ್ರೆ ನಾಳೆ ಬೆಳಿಗ್ಗೆ ಸೋಮವಾರದ ತಾಯಿ ಡಿಸ್ಕಲ್ಲೇ ಕಂಟ್ರೋಲ್ ರೂಮ್ ಓಡಿಸ್ತಾರಂತೆ. ಈ ವಾರ ತಡೆ ಹಾಕಿದ ಹನ್ನೊಂದು ಲಿಫ್ಟು ಅದರಲ್ಲಿ ಸರಿಯಾಗಿದೆ ಅಂತಾನೇ ಇರುತ್ತೆ. ಕರೆಂಟ್ ಹೋಗುತ್ತೆ. ಒಳಗೆ ಯಾರಾದ್ರೂ ಕೆಲಸ ಮಾಡ್ತಿದ್ರೆ...”

ಮುಂದಿನದನ್ನು ಆ ಕೋಣೆಯಲ್ಲಿ ಯಾರೂ ಹೇಳಬೇಕಾಗಿರಲಿಲ್ಲ.

ಮಷಿನ್ ಕೋಣೆಯಲ್ಲಿ ಮೂವರು ಗಂಡಸರು ನಿಂತಿದ್ದರು. ಸಾಹೇಬರು ಬೆವರು ಒರೆಸಿಕೊಳ್ಳುತ್ತಿದ್ದರು. ಹೊಸ ಹೋಸ್ಟನ್ನು ತಂದು ಕೂರಿಸಿದ ಗುತ್ತಿಗೆಯವನು, “ನನ್ನ ಪೆಟ್ಟಿಗೆದೇನೂ ತಪ್ಪಿಲ್ಲ. ಹಾಲು ಒಡೆದಿದ್ರೆ ಪಾತ್ರೆ ಏನು ಮಾಡುತ್ತೆ,” ಎಂದು ಹೇಳಿದ್ದನ್ನೇ ಹೇಳುತ್ತಿದ್ದ. ಮೂರನೆಯವರು ಕಂಟ್ರೋಲ್ ರೂಮಿನ ಮೇಲ್ವಿಚಾರಕರು. ಇಡೀ ಕಚೇರಿಗೆ ಅವರು ‘ಮಾವ’. ಜೇಬಿನಲ್ಲಿ ಸದಾ ಪೆಪ್ಪರಮಿಂಟು, ಬಾಯಲ್ಲಿ ಸದಾ ಒಂದು ಒಳ್ಳೆಯ ಮಾತು. ಹುಡುಗಿಗೆ ಕೆಲಸ ಸಿಗಲೆಂದು ಮೇಜಿನಿಂದ ಮೇಜಿಗೆ ಓಡಾಡಿದವರೂ ಅವರೇ.

“ಇಕ್ಕಳಮ್ಮ, ಬಯ್ಯಬೇಡಿ ಪಾಪ,” ಎಂದರು ಮಾವ. “ಅಪ್ಪನ ಥರಾನೇ. ಕೆಲಸದಲ್ಲಿ ಗಮನ ಸಾಲದು, ಅಷ್ಟೆ.” ಅವರೇ ಒಂದು ಹಾಳೆ ಚಾಚಿದರು. ಹಳೇ ಹೋಸ್ಟಿನ ಲಾಗ್. ಊಟದ ಹೊತ್ತಿನಲ್ಲಿ ತಾಯಿ ಡಿಸ್ಕನ್ನು ಯಾರೋ ಅದೇ ಹೋಸ್ಟಿನ ತರಬೇತಿ ಮಷಿನಿಗೆ ಜೋಡಿಸಿ ತೆರೆದಿದ್ದರು. ಕೊನೆಯ ಸಲ ಬರೆದದ್ದು 1:30. ಲಾಗಿನ್ ಹೆಸರು ‘ಕಂಟ್ರೋಲ್’. ಎಲ್ಲರೂ ಬಳಸುವ ಹೆಸರು ಅದು, ಪಾಸ್‌ವರ್ಡ್ ಕೀಬೋರ್ಡಿನ ಅಡಿಯಲ್ಲೇ ಚೀಟಿಯಾಗಿ ಅಂಟಿತ್ತು.

“ಒಂದೂವರೆಗೆ ಈ ಕೋಣೇಲಿ ಇದ್ದವಳು ಇವಳೊಬ್ಬಳೇ,” ಎಂದರು ಸಾಹೇಬರು. “ಗೊತ್ತಿಲ್ಲದೆ ಏನೋ ಒತ್ತಿದಾಳೆ. ಇನ್ನೇನು ತನಿಖೆ?”

“ಐದರವರೆಗೆ ಟೈಮ್ ಕೊಟ್ಟಿದ್ದೀರಲ್ಲ, ಇರಲಿ,” ಎಂದು ಇಕ್ಕಳ ಕುರ್ಚಿ ಎಳೆದುಕೊಂಡರು. ಕಾಪಿಯ ವರದಿ ತೆಗೆಸಿ ನೋಡಿದರು. ಹಳೇ ಹೋಸ್ಟಿನ ಪರದೆಯನ್ನು ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ತಮ್ಮ ಫೋನನ್ನು ತೆಗೆದು ಅದನ್ನೂ ನೋಡಿದರು. ನಂತರ ಎದ್ದು ಗೇಟಿಗೆ ನಡೆದರು.

ಕಾವಲಿನ ತಾತ ದಿನಾ ಬೆಳಿಗ್ಗೆ ರೇಡಿಯೋ ಕೇಳಿ ಕೈಗಡಿಯಾರ ಸರಿಮಾಡಿಕೊಳ್ಳುವ ಮನುಷ್ಯ. ಅವನ ಪುಸ್ತಕದಲ್ಲಿ ಆ ಭಾನುವಾರಕ್ಕೆ ಸಾಲುಗಳು ಕೆಲವೇ. ಗುತ್ತಿಗೆಯವನು ಹನ್ನೆರಡೂವರೆಗೆ ಹೊರಗೆ, ಎರಡು ಐದಕ್ಕೆ ಒಳಗೆ. ಮಾವ ಹನ್ನೆರಡು ನಲವತ್ತೈದಕ್ಕೆ ಒಳಗೆ, ಒಂದೂಕಾಲಿಗೆ ಹೊರಗೆ. ಸಾಹೇಬರು, ಅವರ ಜೊತೆ ಮತ್ತೆ ಮಾವ, ಮೂರು ಹತ್ತಕ್ಕೆ.

“ಮಾತ್ರೆ ಮರೆತಿದ್ರಂತೆ, ತಗೊಂಡು ಹೋದ್ರು,” ಎಂದ ತಾತ. “ನನಗೂ ಒಂದು ಪೆಪ್ಪರಮಿಂಟು ಕೊಟ್ರು.”

ಹಿಂದಿರುಗುವಾಗ ಇಕ್ಕಳ ಸಹಾಯಕಿಗೆ ಹೇಳಿದರು: “ಹೋದ ವರ್ಷದ ದಿನವಹಿ ತೆಗಿ. ಹಳೇ ಹೋಸ್ಟಿನ ಬ್ಯಾಟರಿ ಬದಲಾಯಿಸಿದ ದಿನದ್ದು.”

ಸಹಾಯಕಿ ತೆಗೆದುಕೊಟ್ಟಳು. ಹದಿನಾಲ್ಕು ತಿಂಗಳ ಹಿಂದಿನ ಒಂದು ಸಾಲನ್ನು ಓದಿ, ಇಕ್ಕಳ ಆ ಪುಟದಲ್ಲಿ ಬೆರಳಿಟ್ಟು ಪುಸ್ತಕ ಮುಚ್ಚಿದರು. ಆ ಸಾಲಿನ ಕೈಬರಹ ತನ್ನದೇ ಎಂಬುದು ಸಹಾಯಕಿಗೆ ದೂರದಿಂದಲೇ ಕಂಡಿತು.

“ಶನಿವಾರದ ಮೀಟಿಂಗಲ್ಲಿ ಸ್ನ್ಯಾಪ್‌ಶಾಟ್ ಬಗ್ಗೆ ಯಾರಾದ್ರೂ ಕೇಳಿದ್ರಾ?”

ಸಹಾಯಕಿ ಪುಟ ತಿರುವಿದಳು. ಅವಳೇ ಬರೆದುಕೊಂಡಿದ್ದಳು. ‘ಹೆದರಬೇಡಿ, ಸೋಮವಾರ ಹೇಗಿತ್ತೋ ಹಾಗೇ ತಾಯಿ ಡಿಸ್ಕಲ್ಲಿ ಎಲ್ಲಾ ಇದೆ’ ಎಂದು ಹುಡುಗಿ ಹೇಳಿದ್ದಳು. ‘ಆಮೇಲೆ ಅಳಿಸಿದ್ದೂನಾ?’ ಎಂದು ಮಾವ ಕೇಳಿದ್ದರು. ‘ಅಳಿಸಿದ್ದೂ ಸರ್,’ ಎಂದು ಅವಳು ನಕ್ಕಿದ್ದಳು.

ತಾಯಿ ಡಿಸ್ಕಿನ ನಕಲೊಂದನ್ನು ಬ್ಯಾಕಪ್ ಕೋಣೆಗೆ ತಂದು ಇಕ್ಕಳ ಅದರ ಹೊಟ್ಟೆ ಬಗೆದರು. ಅಳಿಸಿದ ಫೈಲೊಂದು ಸಿಕ್ಕಿತು. ನಲವತ್ತೊಂದು ಸೆಕೆಂಡಿನ ಒಂದು ಕರೆ. ಇಬ್ಬರೂ ಇಯರ್‌ಫೋನಿನ ಒಂದೊಂದು ತುದಿಯನ್ನು ಕಿವಿಗೆ ಹಾಕಿಕೊಂಡು ಕೇಳಿದರು. ಕೊನೆಗೆ ಬರುತ್ತಿದ್ದಂತೆ ಸಹಾಯಕಿ ತನ್ನದನ್ನು ಕಿತ್ತಿಟ್ಟಳು.

“ಅಕ್ಕ, ಕೊನೇ ಒಂಬತ್ತು ಸೆಕೆಂಡು ಅವಳಿಗೆ ಕೇಳಿಸೋದು ಬೇಡ. ಮೊದಲಿಂದಷ್ಟೇ ಸಾಕಲ್ಲ, ಅವಳ ತಪ್ಪಿಲ್ಲ ಅಂತ ತೋರಿಸೋಕೆ.”

ಅವಳು ಅಷ್ಟು ಉದ್ದದ ಮಾತಾಡಿದ್ದು ಅದೇ ಮೊದಲಿರಬೇಕು. ಇಕ್ಕಳ ಅವಳನ್ನೇ ನೋಡಿದರು.

“ಪೂರ್ತಿ ಅಳಿಸಿದವನು ಒಬ್ಬ. ಒಂಬತ್ತು ಸೆಕೆಂಡ್ ಅಳಿಸೋರು ನಾವು. ನಮ್ಮದು ಸಣ್ಣ ಕೈ ಅಂತ ಪುಣ್ಯ ಬರುತ್ತಾ?”

ಗೋಡೆ ಗಡಿಯಾರ ಐದು ಹೊಡೆದಾಗ ಎಲ್ಲರೂ ಕಂಟ್ರೋಲ್ ರೂಮಿನಲ್ಲಿದ್ದರು. ಸಾಹೇಬರ ಮುಂದೆ ಪತ್ರ, ಪತ್ರದ ಮೇಲೆ ಪೆನ್ನು. ಮಾವ ಹುಡುಗಿಯ ಪಕ್ಕದಲ್ಲೇ ಕೂತು ಅವಳ ತಲೆ ಸವರುತ್ತಿದ್ದರು. ಗುತ್ತಿಗೆಯವನು ಬಾಗಿಲಿಗೆ ಒರಗಿದ್ದ. ತಾತ ಗೇಟು ಬಿಟ್ಟು ಬರಲಾರೆನೆಂದು ತನ್ನ ಪುಸ್ತಕವನ್ನೇ ಕಳಿಸಿದ್ದ.

“ಮೊದಲು ಕಾಪಿ ವಿಷಯ,” ಎಂದು ಇಕ್ಕಳ ನಿಂತೇ ಶುರು ಮಾಡಿದರು. “ಈ ಹುಡುಗಿ ಕಾಪಿ ಮಾಡುವಾಗ ಎರಡೂ ಕಡೆ ತಾಳೆ ಸಂಖ್ಯೆ ತೆಗೆದಿದ್ದಾಳೆ. ಅಲ್ಲಿದ್ದದ್ದೂ ಇಲ್ಲಿಗೆ ಬಂದದ್ದೂ ಒಂದಕ್ಷರ ತಪ್ಪದೆ ಒಂದೇ. ಅಂದ್ರೆ ದಾರೀಲಿ ಏನೂ ಕೆಟ್ಟಿಲ್ಲ. ಹೊಸ ಪೆಟ್ಟಿಗೆನೂ ಸರಿ, ಗುತ್ತಿಗೆಯವನು ಮನೆಗೆ ಹೋಗಬಹುದು. ಕೆಟ್ಟದ್ದು ಹಳೇ ಮನೇಲಿ, ಸಾಮಾನು ಎತ್ತೋಕೆ ಮುಂಚೆ.”

ಗುತ್ತಿಗೆಯವನು ಹೋಗಲಿಲ್ಲ. ಅಂಥ ಹೊತ್ತಿನಲ್ಲಿ ಯಾರು ಹೋಗುತ್ತಾರೆ?

“ಎರಡನೇದು, ಡಿಸ್ಕು ‘ಹಾಳಾಗಿದೆ’ ಅಂತ ಪರದೆ ಹೇಳ್ತಿಲ್ಲ. ‘ಬದಲಾಗಿದೆ’ ಅನ್ನುತ್ತೆ. ಹುಟ್ಟುವಾಗ ಮರಿ ತಾಯಿಯ ಗುರುತಿನ ಸಂಖ್ಯೆ ಬರ್ಕೊಳ್ಳುತ್ತೆ. ಯಾರಾದ್ರೂ ತಾಯಿಯನ್ನ ತೆರೆದು ಒಂದಕ್ಷರ ಬರೆದರೂ ಆ ಸಂಖ್ಯೆ ಬೇರೆ ಆಗುತ್ತೆ. ತರಬೇತಿ ಮಷಿನಿಗೆ ಜೋಡಿಸಿ, ತೆರೆದು, ಒಂದು ಫೈಲ್ ಹುಡುಕಿ ಅಳಿಸಿದ್ದಾರೆ. ಕೈತಪ್ಪಿ ಆಗೋ ಕೆಲಸ ಅಲ್ಲ ಸಾಹೇಬರೇ, ಎಂಟು ಸಲ ಒತ್ತಬೇಕು.”

“ಒತ್ತಿದ್ದು ಒಂದೂವರೆಗೆ,” ಎಂದರು ಸಾಹೇಬರು. “ಅಲ್ಲಿಗೇ ಬಂತಲ್ಲ.”

“ಈಗ ಗಂಟೆ ಎಷ್ಟು?”

ಸಾಹೇಬರು ಗೋಡೆ ನೋಡಿದರು. “ಐದು ಐದು. ಅಂದ್ರೆ... ನಾಲ್ಕು ನಲವತ್ತೈದು.”

“ಹಳೇ ಹೋಸ್ಟಿನಲ್ಲಿ ಎಷ್ಟಿದೆ ಅಂತ ನೋಡಿ.”

ಗುತ್ತಿಗೆಯವನು ಮಷಿನ್ ಕೋಣೆಗೆ ಇಣುಕಿ ಬಂದ. “ಐದು ಐದು.”

ಇಕ್ಕಳ ದಿನವಹಿ ಬಿಚ್ಚಿ ಓದಿದರು: “‘ಬ್ಯಾಟರಿ ಬದಲಿಸಲಾಯಿತು. ಗಡಿಯಾರವನ್ನು ಕೈಯಿಂದ ಹೊಂದಿಸಲಾಯಿತು.’ ಯಾವ ಗಡಿಯಾರ ನೋಡಿ ಹೊಂದಿಸಿದೆ?”

ಅದನ್ನು ಬರೆದಾಗ ಸಹಾಯಕಿ ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿತ್ತು. ಸಮಯ ಎಷ್ಟೆಂದು ಒಬ್ಬರನ್ನು ಕೇಳುವುದಕ್ಕೂ ಸಂಕೋಚಪಟ್ಟು, ಬಾಗಿಲಿನಿಂದ ಕಂಡದ್ದನ್ನೇ ನೋಡಿದ್ದಳು. “ಗೋಡೇದು,” ಎಂದಳು. ಧ್ವನಿ ತನಗೇ ಕೇಳಿಸಲಿಲ್ಲ.

“ಜೋರಾಗಿ.”

“ಗೋಡೆ ಗಡಿಯಾರ.”

“ಕೇಳಿದ್ರಲ್ಲ. ಮಷಿನೂ ಗೋಡೆನೂ ಒಂದೇ ಸುಳ್ಳು ಹೇಳ್ತಿದ್ವು, ಅದಕ್ಕೇ ಹದಿನಾಲ್ಕು ತಿಂಗಳು ಯಾರಿಗೂ ಅನುಮಾನ ಬರಲಿಲ್ಲ. ಗೋಡೆ ನೋಡಿದ್ರೆ ಎಲ್ಲರೂ ಮನಸಲ್ಲೇ ಇಪ್ಪತ್ತು ಕಳೀತೀರಿ. ಲಾಗ್ ನೋಡುವಾಗ ಕಳೀಲಿಲ್ಲ. ತಾಯಿ ಡಿಸ್ಕನ್ನ ತೆರೆದದ್ದು ಒಂದೂವರೆಗಲ್ಲ, ಒಂದು ಹತ್ತಕ್ಕೆ. ಆಗ ಈ ಹುಡುಗಿ ನನ್ನೆದುರು ಅನ್ನ ತಿಂತಿದ್ಲು. ಗುತ್ತಿಗೆಯವನು ಹೊರಗೆ. ಸಾಹೇಬರು ಬಂದೇ ಇರಲಿಲ್ಲ. ನಾವು ಮೂವರನ್ನ ಬಿಟ್ರೆ ಕಟ್ಟಡದೊಳಗೆ ಇದ್ದವರು ಮಾತ್ರೆ ಹುಡುಕೋಕೆ ಬಂದ ಮಾವ.”

ಹುಡುಗಿಯ ತಲೆಯ ಮೇಲಿದ್ದ ಕೈ ನಿಂತಿತು. ಅಲ್ಲಿಂದ ಇಳಿಯಲಿಲ್ಲ, ಅದೇ ವಿಚಿತ್ರ.

“ಬುಧವಾರ ಒಂದು ಕರೆ ಅಳಿಸಿದ್ರಿ, ಮರಿ ಡಿಸ್ಕಲ್ಲಿ ಗುರುತಿದೆ,” ಎಂದರು ಇಕ್ಕಳ. “ಹೊಸ ಹೋಸ್ಟಿನಲ್ಲಿ ಹಳೇ ಕರೆಗಳನ್ನೆಲ್ಲ ಬರಹಕ್ಕೆ ಇಳಿಸ್ತಾರೆ ಅಂತ ಗೊತ್ತಾಗಿತ್ತು. ಶನಿವಾರ ತಾಯೀಲಿ ಇನ್ನೂ ಇದೆ ಅಂತ ಇವಳೇ ಹೇಳಿದ್ಲು. ಇವತ್ತು ಮಷಿನ್ ಆಫ್ ಆಗೋದನ್ನೇ ಕಾಯ್ತಾ ಇದ್ದು ಅದನ್ನೂ ಅಳಿಸಿದ್ರಿ. ಅಳಿಸೋದಂದ್ರೆ ಏನು ಅಂತ ಮಾತ್ರ ನಿಮಗೆ ತಿಳೀದು, ಮಾವ. ಹೆಸರಷ್ಟೇ ಹೋಗೋದು. ಮೈ ಅಲ್ಲೇ ಇರುತ್ತೆ.”

ಮಾವ ಪೆಪ್ಪರಮಿಂಟಿನ ಕಾಗದವನ್ನು ಸಣ್ಣದಾಗಿ ಮಡಚತೊಡಗಿದರು. “ಮರಿ ಒಡೆಯುತ್ತೆ ಅಂತ ಗೊತ್ತಿರಲಿಲ್ಲ.”

“ಇರಲಿಲ್ಲ, ಒಪ್ಪಿದೆ. ಒಡೆದ ಮೇಲೆ ಲಾಗ್ ತಂದು ಇವಳ ಕಡೆ ಬೆರಳು ತೋರಿಸಿದ್ರಲ್ಲ, ಅದು ಗೊತ್ತಿದ್ದೇ.”

“ಅವಳಿಗೋಸ್ಕರ ಅಳಿಸಿದ್ದು ನಾನು!” ಮಾವನ ಧ್ವನಿ ಮೊದಲ ಬಾರಿಗೆ ಏರಿತು. “ಕೇಳಿಸಿ ಬೇಕಾದ್ರೆ. ಪೂರ್ತಿ ಕೇಳಿಸಿ. ಆಮೇಲೆ ಅವಳೇ ಹೇಳಲಿ.”

ಆದರೆ ಹುಡುಗಿ ಅವರ ಮಾತು ಕೇಳುತ್ತಿರಲಿಲ್ಲ. ಫೋನು ತೆಗೆದು ಆ ಹಳೇ ಕರೆಯನ್ನು ನೋಡುತ್ತಿದ್ದಳು.

“ಅಕ್ಕ, ವಿಚಾರಣೆಯವರು ನಾಲ್ಕು ಹತ್ತು ಅಂತ ಬರೆದಿದ್ದು ಎಲ್ಲಿಂದ?”

“ಈ ಮಷಿನಿಂದ.”

“ಹಾಗಾದ್ರೆ ಅದು...”

“ಮೂರು ಐವತ್ತು,” ಎಂದರು ಇಕ್ಕಳ.

ಸಹಾಯಕಿ ಕಣ್ಣು ಮುಚ್ಚಿಕೊಂಡಳು. ಬೇಡವೆಂದು ಯಾರಾದರೂ ಹೇಳಲಿ ಎಂದು ಕಾದಳು. ಹಾಗೆ ಹೇಳಬಲ್ಲವಳು ತಾನೂ ಒಬ್ಬಳು ಇದ್ದೇನೆಂಬುದು ಹೊಳೆಯುವಷ್ಟರಲ್ಲಿ ಮುದ್ರಿಸಿದ ಕರೆ ಶುರುವಾಗಿತ್ತು.

“ಆಯ್ತಾ? ಮಹಡಿಯವರು ಕೂಗಾಡ್ತಿದ್ದಾರೆ ಕಣೋ.” ಅದು ಮಾವನ ಧ್ವನಿ.

“ಇಲ್ಲ ಮಾವ, ಗುಂಡಿ ಒಳಗೇ ಇದ್ದೀನಿ. ನಾನು ಬಾಯಿಬಿಟ್ಟು ಹೊರಗಿದ್ದೀನಿ ಅನ್ನೋವರೆಗೂ ಕರೆಂಟ್ ಕೊಡಬೇಡಿ.”

“ಅರ್ಧ ಗಂಟೆಯಿಂದ ಇದೇ ಆಯ್ತು ನಿಂದು. ಐದು ಎಣಿಸ್ತೀನಿ. ಬೇಡ ಅನ್ನೋದಿದ್ರೆ ಈಗಲೇ ಹೇಳು.”

ಆಮೇಲೆ ಇನ್ನೊಂದು ಫೋನು ಹೊಡೆದುಕೊಳ್ಳುವ ಸದ್ದು. “ಒಂದು,” ಎಂದಿತು ಮಾವನ ಧ್ವನಿ. ಅದರ ಮೇಲೆಯೇ, ಸ್ವಲ್ಪ ದೂರದಿಂದ, ನಗುತ್ತಿದ್ದ ಅವಳಪ್ಪನ ಧ್ವನಿ: “ಹೇಳು ಪುಟ್ಟಿ.” “ಎರಡು. ಮೂರು.” “ಬೀಗದ ಕೈನಾ? ಕಿಟಕಿ ಮೇಲಿದೆ ನೋಡು.” “ನಾಲ್ಕು. ಐದು.”

ಇಕ್ಕಳ ಕೊನೆಯವರೆಗೂ ಬಿಟ್ಟರು.

“ನಾನು ಎಣಿಸಿದೆ,” ಎಂದರು ಮಾವ, ಯಾರನ್ನೂ ನೋಡದೆ. “ಅವನು ಮಗಳ ಹತ್ರ ಮಾತಾಡ್ತಿದ್ದ. ಇದನ್ನ ಈ ಮಗು ಕೇಳಬೇಕಿತ್ತಾ?”

“ಕರುಣೆ ಆಗಿದ್ದಿದ್ರೆ ಕೊನೇ ಒಂಬತ್ತು ಸೆಕೆಂಡ್ ಅಳಿಸಿದ್ರೆ ಸಾಕಿತ್ತು,” ಎಂದರು ಇಕ್ಕಳ. “ನೀವು ಮೊದಲನೇ ಮೂವತ್ತೆರಡನ್ನೂ ಅಳಿಸಿದ್ರಿ. ‘ಹೊರಗೆ ಬಂದೆ ಅಂದ’ ಅಂತ ವಿಚಾರಣೇಲಿ ಸಾಕ್ಷಿ ಹೇಳಿದ್ದು ನೀವೇ ಅಲ್ವಾ?”

ಸಾಹೇಬರು ಪತ್ರವನ್ನು ಎರಡಾಗಿ ಹರಿದು, ಪೆನ್ನಿನ ಮುಚ್ಚಳ ಹಾಕಿ, ಪೊಲೀಸರಿಗೆ ಫೋನು ಮಾಡಲು ಹೊರಗೆ ಹೋದರು. ಮಾವ ಎದ್ದು ಅವರ ಹಿಂದೆಯೇ ನಡೆದರು. ಮಡಚಿದ ಕಾಗದ ಮೇಜಿನ ಮೇಲೇ ಉಳಿಯಿತು.

ಹುಡುಗಿ ಅಳಲಿಲ್ಲ. “ಮರಿ ಸೇರಿಸಬಹುದಾ ಅಕ್ಕ?” ಎಂದು ಕೇಳಿದಳು.

“ತಾಯಿಯ ಹೊಸ ಸಂಖ್ಯೆನ ಮರಿಯ ಚೀಟೀಲಿ ಬರಿ. ನಕಲಿನ ಮೇಲೆ ಮಾಡು. ಆಮೇಲೆ ಡಿಸ್ಕ್ ತಪಾಸಣೆ ಓಡಿಸು, ಸಣ್ಣಪುಟ್ಟ ಗಾಯ ವಾಸಿ ಆಗುತ್ತೆ.”

ಅವಳು ಹಾಗೇ ಮಾಡಿದಳು. ಮಷಿನ್ ಎದ್ದಿತು. ತಡೆ ಹಾಕಿದ ಹನ್ನೊಂದು ಲಿಫ್ಟುಗಳ ಪಟ್ಟಿ ಕೆಂಪಗೆ ಬಂದು ನಿಂತಿತು. ಒಂದೊಂದನ್ನೂ ಬೆರಳಿಟ್ಟು ಓದಿ ಮುಗಿಸಿ, ಅವಳು ಕುರ್ಚಿ ಹತ್ತಿ ಗೋಡೆ ಗಡಿಯಾರ ಇಳಿಸಿಕೊಂಡು ಮುಳ್ಳನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ತಿರುಗಿಸಿದಳು.

ಸೋಮವಾರ ಮೆಕ್ಯಾನಿಕ್‌ಗಳೆಲ್ಲ ಇಪ್ಪತ್ತು ನಿಮಿಷ ತಡವಾಗಿ ಹೊರಟರು. ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ಮೇಜಿಗೆ ಒಂದು ಪತ್ರ ಬಂತು: ಅನುಮತಿಯಿಲ್ಲದೆ ಗಡಿಯಾರ ಮುಟ್ಟಿದ್ದಕ್ಕೆ ಎಚ್ಚರಿಕೆ. ಅವಳು ಸಹಿ ಮಾಡಿ ಕಳಿಸಿ, ಎಂದಿನಂತೆ ಡಬ್ಬಿ ಹಿಡಿದು ಬ್ಯಾಕಪ್ ಕೋಣೆಗೆ ಬಂದಳು. ಫೋನು ಎದುರಿಗಿಟ್ಟುಕೊಂಡಳು. ಪರದೆಯ ಮೇಲೆ ಅದೇ ಕರೆ, ಮೂರು ಐವತ್ತು.

ಸಹಾಯಕಿ ರಾತ್ರಿಯೆಲ್ಲ ಒಂದು ಕ್ಷಮೆಯ ಮಾತನ್ನು ಬರೆದು ಹೊಡೆದು ಬರೆದು ಇಟ್ಟುಕೊಂಡಿದ್ದಳು. ಬಾಯಿಗೆ ಬಂದದ್ದು ಬೇರೆ.

“ಅದನ್ನ ಅಳಿಸಿಬಿಡು.”

ಹುಡುಗಿ ಡಬ್ಬಿಯ ಮುಚ್ಚಳ ತೆಗೆದಳು. “ಹೆಸರಷ್ಟೇ ಹೋಗೋದು, ಅಕ್ಕ,” ಎಂದು, ಉಪ್ಪಿನಕಾಯಿಯನ್ನು ಅವಳ ಕಡೆಗೆ ಸರಿಸಿದಳು.